ವಿಜ್ಞಾನ ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಏನೇನಿದೆ? ಕನ್ನಡಿಗರಿಗೆ ಎಷ್ಟು ದಕ್ಕುತ್ತದೆ?

ತುಮಕೂರು ರಸ್ತೆಯ ಟಿ. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಐದನೆಯ ನಿಲ್ದಾಣ ಯಶವಂತಪುರ. ಅದರ ಮುಂದಿನದು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಈ ಎರಡು ನಿಲ್ದಾಣಗಳಿಗೆ ಕೂಗಳತೆಯಲ್ಲಿ ಮರಗಳ ಮರೆಯಲ್ಲಿ ಹರಡಿಕೊಂಡಿರುವುದೇ ಭಾರತೀಯ ವಿಜ್ಞಾನ ಸಂಸ್ಥೆ. ಹಳಬರ ಬಾಯಲ್ಲಿ ಇಂದಿಗೂ ಅದು 'ಟಾಟಾ ಇನ್‌ಸ್ಟಿಟ್ಯೂಟ್'. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ದಾಸರಹಳ್ಳಿ ಸುತ್ತಮುತ್ತಲ ಬಾಡಿಗೆ ಕೊಠಡಿಗಳಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು ದಿನವೂ ಅದರ ಬೇಲಿಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಒಳಗಿರುವ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯ ಮುಖ್ಯವಾಗಿ ಸಂಸ್ಥೆಯ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೀಸಲಾದುದು. ಆದರೆ ಅದೇ ಗ್ರಂಥಾಲಯದ ಇನ್ನೊಂದು ಭಾಗಕ್ಕೆ ಗೇಟೂ ಇಲ್ಲ, ಗುರುತಿನ ಚೀಟಿಯೂ ಬೇಕಿಲ್ಲ. ಅಂತರ್ಜಾಲ ಸಂಪರ್ಕವಿರುವ ಯಾರು ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ ಅದರೊಳಗೆ ಪ್ರವೇಶಿಸಬಹುದು. ಹೀಗಿದ್ದೂ ಇಂತಹದೊಂದು ಭಂಡಾರವಿದೆಯೆಂಬ ಸಂಗತಿ ಸಂಶೋಧಕರ ವಲಯದಾಚೆ ಅಷ್ಟಾಗಿ ತಿಳಿದಿಲ್ಲ.

'ಡಿಜಿಟಲ್ ಗ್ರಂಥಾಲಯ' ಎಂದೊಡನೆ ಪುಸ್ತಕಗಳ ಪಿಡಿಎಫ್ ಪ್ರತಿಗಳಷ್ಟೇ ಕಣ್ಣಮುಂದೆ ಬರುವುದು ಸಹಜ. ವಾಸ್ತವದಲ್ಲಿ ವಿಶ್ವವಿದ್ಯಾನಿಲಯವೊಂದರ ಡಿಜಿಟಲ್ ಸಂಗ್ರಹವು ಏಕಶಿಲೆಯಂತಿರುವುದಿಲ್ಲ. ಪಿಎಚ್.ಡಿ. ಪ್ರಬಂಧಗಳು ಒಂದೆಡೆ, ನಿಯತಕಾಲಿಕೆಗಳಲ್ಲಿ ಪ್ರಕಟವಾದ ಲೇಖನಗಳು ಇನ್ನೊಂದೆಡೆ, ಹಳೆಯ ಛಾಯಾಚಿತ್ರ, ಪತ್ರ, ವರದಿಗಳು ಮತ್ತೊಂದೆಡೆ ಇರುತ್ತವೆ. ಒಂದರಲ್ಲಿ ಹುಡುಕಿದ್ದು ಮತ್ತೊಂದರಲ್ಲಿ ಕಾಣಿಸದೇ ಇರಬಹುದು. ಮೊದಲ ಬಾರಿಗೆ ಪ್ರವೇಶಿಸುವವರು ಎಡವುವುದು ಇಲ್ಲಿಯೇ.

ಲೇಖನಗಳು, ಪ್ರಬಂಧಗಳು

1909ರಲ್ಲಿ ಸ್ಥಾಪನೆಗೊಂಡ ಸಂಸ್ಥೆಗೆ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮಾನ್ಯತೆ ದೊರೆತದ್ದು 1958ರಲ್ಲಿ. ಅಂದಿನಿಂದ ಅದು ತನ್ನದೇ ಪದವಿಗಳನ್ನು ನೀಡುತ್ತಿದೆ. ಆ ಪದವಿಗಳಿಗಾಗಿ ಸಲ್ಲಿಸಲಾದ ಸಂಶೋಧನ ಪ್ರಬಂಧಗಳ ಭಂಡಾರವೊಂದು ಪ್ರತ್ಯೇಕವಾಗಿ ಕಾರ್ಯನಿರ್ವಹಿಸುತ್ತದೆ. ಇದಕ್ಕೆ ಬಳಸಿರುವುದು ಅಮೆರಿಕದ ಎಂಐಟಿ ಮತ್ತು ಎಚ್‌ಪಿ ಪ್ರಯೋಗಾಲಯಗಳು ಸೇರಿ ರೂಪಿಸಿ 2002ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದ 'ಡಿಸ್ಪೇಸ್' ಎಂಬ ಮುಕ್ತ ತಂತ್ರಾಂಶ. ಪ್ರತಿ ಪ್ರಬಂಧಕ್ಕೂ ಅದು ಶಾಶ್ವತ ಸಂಖ್ಯೆಯೊಂದನ್ನು ನೀಡುತ್ತದೆ. ಜಾಲತಾಣದ ವಿಳಾಸ ಮುಂದೆ ಬದಲಾದರೂ ಆ ಸಂಖ್ಯೆಯ ಮೂಲಕ ಕಡತವನ್ನು ತಲುಪಬಹುದೆಂಬುದು ಇದರ ಹಿಂದಿನ ತರ್ಕ.

ಲೇಖನಗಳ ಭಂಡಾರ ಇದಕ್ಕಿಂತ ಹಳೆಯದು. 2002ರಲ್ಲಿ ಸಂಸ್ಥೆಯ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರವು, ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ 'ಇಪ್ರಿಂಟ್ಸ್' ತಂತ್ರಾಂಶವನ್ನು ಬಳಸಿ ಇದನ್ನು ಆರಂಭಿಸಿತು. ದೇಶದ ಮೊತ್ತಮೊದಲ ಸಾಂಸ್ಥಿಕ ಭಂಡಾರವೆಂದು ಗುರುತಿಸಲಾಗುವ ಈ ಪ್ರಯತ್ನದ ಹಿಂದಿದ್ದವರು ಆ ಕೇಂದ್ರದ ಟಿ.ಬಿ. ರಾಜಶೇಖರ್. ವಿದೇಶಿ ನಿಯತಕಾಲಿಕೆಗಳಿಗೆ ಭಾರಿ ಚಂದಾ ತೆರಬೇಕಾದ ಪರಿಸ್ಥಿತಿಯಲ್ಲಿ, ನಮ್ಮವರೇ ನಮ್ಮ ತೆರಿಗೆ ಹಣದಿಂದ ನಡೆಸಿದ ಸಂಶೋಧನೆ ನಮಗೇ ದೊರೆಯದಂತಾಗಬಾರದೆಂಬ ಆಶಯ ಇಂತಹ ಭಂಡಾರಗಳ ಹಿಂದಿದೆ. ಆಶಯ ಪೂರ್ಣವಾಗಿ ಈಡೇರಿದೆ ಎನ್ನಲಾಗದು. ಪ್ರಕಾಶಕರ ನಿರ್ಬಂಧದಿಂದಾಗಿ ಹಲವು ಲೇಖನಗಳ ವಿವರ ಮತ್ತು ಸಾರಾಂಶ ಮಾತ್ರ ತೆರೆದುಕೊಳ್ಳುತ್ತವೆ. ಪೂರ್ಣ ಪಠ್ಯಕ್ಕೆ ಬೀಗ. ಆದರೆ ಅಂತಹ ಪುಟಗಳಲ್ಲಿ ಪ್ರತಿಯನ್ನು ಕೋರುವ ಗುಂಡಿಯೊಂದು ಇರುತ್ತದೆ. ಅದನ್ನು ಒತ್ತಿ ಎರಡು ಸಾಲು ಬರೆದರೆ ಕೋರಿಕೆ ನೇರವಾಗಿ ಲೇಖಕರನ್ನು ತಲುಪುತ್ತದೆ. ಸಂಕೋಚವೇಕೆ?

ಸಾಬೂನಿನಿಂದ ಸೌದೆ ಒಲೆಯವರೆಗೆ

ವಿಜ್ಞಾನ ಸಂಸ್ಥೆಯೆಂದರೆ ಸಾಮಾನ್ಯರಿಗೆ ನಿಲುಕದ ಸಮೀಕರಣಗಳೇ ಎಂದು ಭಾವಿಸಬೇಕಿಲ್ಲ. ಸಂಸ್ಥೆಯ ಸ್ವಂತ ನಿಯತಕಾಲಿಕೆ 1914ರಷ್ಟು ಹಿಂದೆಯೇ ಆರಂಭವಾಯಿತು. ಅದರ ಹಳೆಯ ಸಂಪುಟಗಳೂ ಇಂದು ಅಂತರ್ಜಾಲದಲ್ಲಿವೆ. ಮೊದಲ ದಶಕಗಳ ಸಂಚಿಕೆಗಳನ್ನು ತಿರುವಿದರೆ ಕಾಣುವುದು ಎಣ್ಣೆಬೀಜ, ಸುಗಂಧ ತೈಲ, ಶ್ರೀಗಂಧದ ಮರಕ್ಕೆ ತಗಲುವ ರೋಗ ಮೊದಲಾದ ಮೈಸೂರು ಸೀಮೆಯ ನೆಲದ ಸಂಗತಿಗಳು. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡುಗಳನ್ನು ಯೂರೋಪಿಗೆ ರಫ್ತು ಮಾಡುವುದು ನಿಂತುಹೋದಾಗ, ಇಲ್ಲಿಯೇ ತೈಲ ಭಟ್ಟಿ ಇಳಿಸುವ ಪ್ರಯೋಗ ನಡೆಸಿದವರು ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್. 1916ರಲ್ಲಿ ಆರಂಭವಾದ ಮೈಸೂರು ಸರ್ಕಾರದ ಗಂಧದೆಣ್ಣೆ ಉದ್ಯಮಕ್ಕೂ, ಅದರ ಬೆನ್ನಿಗೇ ಬಂದ ಮೈಸೂರು ಸ್ಯಾಂಡಲ್ ಸಾಬೂನಿಗೂ ತಳಹದಿ ಅದೇ. ಸಾಬೂನಿನ ಹೆಸರು ಹೊತ್ತ ಮೆಟ್ರೊ ನಿಲ್ದಾಣ ಸಂಸ್ಥೆಯ ಪಕ್ಕದಲ್ಲೇ ಇರುವುದು ಕಾಕತಾಳೀಯವಿರಬಹುದು. ಆದರೂ ಆ ನಿಲ್ದಾಣದಲ್ಲಿ ನಿಂತು ಮೊಬೈಲಿನಲ್ಲಿ ಆ ಹಳೆಯ ಲೇಖನಗಳನ್ನು ತೆರೆದು ನೋಡಬಹುದೆಂಬುದು ಸಣ್ಣ ಸಂಗತಿಯೇನಲ್ಲ.

ತುಮಕೂರು ರಸ್ತೆಯನ್ನೇ ಹಿಡಿದು ಮುಂದೆ ಹೋದರೆ ಇನ್ನೊಂದು ಕಥೆ ಸಿಗುತ್ತದೆ. 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿಕೊಂಡಿತು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಅದನ್ನು ಹೊತ್ತು ತರುವವರು ಯಾರು, ನೀರಿಗಾಗಿ ಎಷ್ಟು ಹೊತ್ತು ನಡೆಯುತ್ತಾರೆ ಎಂದು ಅಳೆದು ಬರೆದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಹಳ್ಳಿಯ ಶಕ್ತಿಯ ಮೂಲ ವಿದ್ಯುತ್ತೂ ಅಲ್ಲ, ಸೀಮೆಎಣ್ಣೆಯೂ ಅಲ್ಲ, ಸೌದೆ; ಅದರ ಭಾರ ಬೀಳುವುದು ಹೆಂಗಸರು ಮತ್ತು ಮಕ್ಕಳ ತಲೆಯ ಮೇಲೆ ಎಂಬುದನ್ನು ಅಂಕಿಅಂಶ ಸಹಿತ ತೋರಿಸಿದ ಲೇಖನವದು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಸಗಣಿ ಅನಿಲ ಸ್ಥಾವರ ಇವೆಲ್ಲದರ ದಾಖಲೆಗಳೂ ಸಂಸ್ಥೆಯ ಸಂಶೋಧನ ಬರಹಗಳಲ್ಲಿವೆ. ತುಮಕೂರು ಜಿಲ್ಲೆಯ ಮೂಲದ ದಾಸರಹಳ್ಳಿ ನಿವಾಸಿಗಳು ತಮ್ಮ ತಾಯಂದಿರ ದಿನಚರಿಯನ್ನು ಆ ಕೋಷ್ಟಕಗಳಲ್ಲಿ ಗುರುತಿಸಿಯಾರು.

ನಗರದ ಕೆರೆಗಳ ಬಗೆಗೂ ಇದೇ ಮಾತು. ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಶಕ್ತಿ ಮತ್ತು ಜೌಗುಪ್ರದೇಶ ಸಂಶೋಧನ ತಂಡವು ಬೆಂಗಳೂರಿನ ಕೆರೆಗಳು, ರಾಜಕಾಲುವೆಗಳು, ನೀರಿನ ಗುಣಮಟ್ಟ ಕುರಿತ ತಾಂತ್ರಿಕ ವರದಿಗಳನ್ನು ಉಚಿತವಾಗಿ ಪ್ರಕಟಿಸುತ್ತ ಬಂದಿದೆ. ಚೊಕ್ಕಸಂದ್ರ ಕೆರೆಯಂತಹ ಕೆರೆಗಳ ಸುತ್ತ ಬದುಕುವ ನಾಗರಿಕರು ಮನವಿಪತ್ರ ಬರೆಯುವ ಮುನ್ನ ಓದಬೇಕಾದ ಸಾಮಗ್ರಿ ಅದು.

ದಾಖಲೆಯಲ್ಲಿ ಸೇರದ ಪ್ರಬಂಧ

ಭಂಡಾರದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಗಮನಾರ್ಹ. ಸಿ.ವಿ. ರಾಮನ್ 1933ರಲ್ಲಿ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅವರ ಪ್ರಯೋಗಾಲಯದಲ್ಲಿ ವಜ್ರಗಳ ಪ್ರತಿದೀಪ್ತಿಯನ್ನು ಅಧ್ಯಯನ ಮಾಡಿದ ಅನ್ನಾ ಮಣಿ 1945ರಲ್ಲಿ ತಮ್ಮ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಅವರಲ್ಲಿ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ನಿರಾಕರಿಸಲಾಯಿತು. ಮುಂದೆ ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೇಶಕ್ಕೇ ದಾರಿ ತೋರಿದ ಆ ವಿಜ್ಞಾನಿಯ ಪ್ರಬಂಧ, ಪದವಿಯಿಲ್ಲದೆಯೇ, ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು. ಪದವಿಯ ಆಧಾರದ ಮೇಲೆ ವರ್ಗೀಕರಿಸುವ ಯಾವ ಪಟ್ಟಿಯಲ್ಲಿಯೂ ಇಂತಹ ಕೃತಿ ತಾನಾಗಿ ಸೇರುವುದಿಲ್ಲ. 1958ಕ್ಕೆ ಮುನ್ನ ಸಂಸ್ಥೆಯಲ್ಲಿ ನಡೆದ ಕೆಲಸವನ್ನು ಹುಡುಕುವವರು ಪ್ರಬಂಧ ಭಂಡಾರವೊಂದನ್ನೇ ನೆಚ್ಚಿಕೊಳ್ಳದೆ ನಿಯತಕಾಲಿಕೆಗಳನ್ನು ನೋಡಬೇಕು. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಹಳೆಯ ಸಂಪುಟಗಳೂ ಮುಕ್ತವಾಗಿ ದೊರೆಯುತ್ತವೆ.

ಹತ್ತು ಲಕ್ಷ ಪುಸ್ತಕಗಳ ಕನಸು

ಕನ್ನಡ ಓದುಗರಿಗೆ ವಿಜ್ಞಾನ ಸಂಸ್ಥೆಯ ಹೆಸರು ಹೆಚ್ಚು ಆಪ್ತವಾಗಬೇಕಾದುದು ಮತ್ತೊಂದು ಕಾರಣಕ್ಕೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿ, ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಒದಗಿಸುವ ಯೋಜನೆಯೊಂದನ್ನು ರೂಪಿಸಿದರು. ಭಾರತ, ಚೀನಾ ಮತ್ತು ಈಜಿಪ್ಟ್ ಪಾಲುದಾರ ರಾಷ್ಟ್ರಗಳು. ಭಾರತದ ಭಾಗವನ್ನು ಮುನ್ನಡೆಸಿದವರು ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎನ್. ಬಾಲಕೃಷ್ಣನ್. 'ಭಾರತೀಯ ಡಿಜಿಟಲ್ ಗ್ರಂಥಾಲಯ' ಎಂಬ ಹೆಸರಿನ ಇದರ ಜಾಲತಾಣವನ್ನು 2003ರಲ್ಲಿ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. 2007ರ ಹೊತ್ತಿಗೆ ಪಾಲುದಾರರೆಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ 15 ಲಕ್ಷ ಪುಸ್ತಕಗಳನ್ನು ದಾಟಿದ್ದರು.

ಹೈದರಾಬಾದ್, ತಿರುಪತಿ, ಮೇಲುಕೋಟೆ ಸೇರಿದಂತೆ ಹಲವೆಡೆ ಸ್ಕ್ಯಾನಿಂಗ್ ಕೇಂದ್ರಗಳು ತೆರೆದವು. ಪುಸ್ತಕದ ಬೆನ್ನು ಮುರಿಯದಂತೆ, ಅದನ್ನು ಬಿಚ್ಚಿಟ್ಟು ಮೇಲಿನಿಂದ ಚಿತ್ರ ತೆಗೆಯುವ ಯಂತ್ರಗಳನ್ನು ಬಳಸಲಾಯಿತು. ಕಡತದ ಗಾತ್ರ ಉಳಿಸಲು ಪುಟಗಳನ್ನು ಅಚ್ಚ ಕಪ್ಪು-ಬಿಳುಪಿನಲ್ಲಿ ದಾಖಲಿಸಲಾಯಿತು. ನಡುವಿನ ಬೂದು ಛಾಯೆಗಳಿಗೆ ಅಲ್ಲಿ ಜಾಗವಿಲ್ಲ. ಅಕ್ಷರಕ್ಕೆ ಇದು ಸಾಕು. ಛಾಯಾಚಿತ್ರಗಳಿಗೆ ಮಾತ್ರ ಮಾರಕವಾಯಿತು. ಹಳೆಯ ಪುಸ್ತಕಗಳಲ್ಲಿನ ಲೇಖಕರ ಭಾವಚಿತ್ರ, ದೇವಾಲಯಗಳ ಚಿತ್ರಫಲಕಗಳು ಮಸಿ ಚೆಲ್ಲಿದಂತೆ ಕಾಣುವುದು ಈ ಕಾರಣದಿಂದ. ಅಂದಿನ ಸಂಗ್ರಹ ಸಾಮರ್ಥ್ಯ ಹಾಗೂ ಅಂತರ್ಜಾಲದ ವೇಗವನ್ನು ನೆನೆದರೆ ಆ ತೀರ್ಮಾನವನ್ನು ತಪ್ಪೆನ್ನುವುದು ಕಷ್ಟ.

ಈ ಸಂಗ್ರಹದ ಕನ್ನಡ ಪುಸ್ತಕಗಳಲ್ಲಿ ದೊಡ್ಡ ಪಾಲು ಬಂದದ್ದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಿಂದ ಎಂದರೆ ಹಲವರಿಗೆ ಅಚ್ಚರಿಯಾದೀತು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆ ಸೀಮೆಯ ಕನ್ನಡ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದ ಮನೆ ಉಸ್ಮಾನಿಯಾವೇ. ಹೀಗೆ ಅಲ್ಲಿ ಕೂಡಿಬಂದ ಕಾದಂಬರಿ, ನಾಟಕ, ವ್ಯಾಕರಣ, ಮಕ್ಕಳ ಪುಸ್ತಕಗಳು ಸ್ಕ್ಯಾನರಿನ ಕೆಳಗೆ ಬಂದವು. ಅವುಗಳ ಮೊದಲ ಪುಟಗಳಲ್ಲಿ ಗ್ರಂಥಾಲಯದ ಚೀಟಿ, ಕೈಬರಹದ ಕರೆಸಂಖ್ಯೆ, ಪುಸ್ತಕವನ್ನು ಹಿಂದಿರುಗಿಸಬೇಕಾದ ದಿನಾಂಕದ ಎಚ್ಚರಿಕೆ ಎಲ್ಲವೂ ಹಾಗೆಯೇ ಉಳಿದಿವೆ. ಧಾರವಾಡದಲ್ಲೋ ಮಂಗಳೂರಿನಲ್ಲೋ ಅಚ್ಚಾದ ಪುಸ್ತಕವೊಂದು ನಿಜಾಮರ ರಾಜಧಾನಿಯ ಕಪಾಟಿನಲ್ಲಿ ಕಾಯ್ದಿದ್ದು ಇಂದು ನಮ್ಮ ಪರದೆಯ ಮೇಲೆ ಮೂಡುತ್ತಿದೆ.

ಮುಚ್ಚಿದ ಜಾಲತಾಣ, ಉಳಿದ ಪ್ರತಿ

ಭಾರತೀಯ ಡಿಜಿಟಲ್ ಗ್ರಂಥಾಲಯವನ್ನು ಬಳಸುವುದು ಸುಲಭವಾಗಿರಲಿಲ್ಲ. ಪುಟಗಳನ್ನು ಒಂದೊಂದಾಗಿ ತೆರೆಯಬೇಕಿತ್ತು, ಅದಕ್ಕೆ ವಿಶೇಷ ತಂತ್ರಾಂಶ ಬೇಕಿತ್ತು, ಸರ್ವರ್ ಪದೇಪದೇ ಕೈಕೊಡುತ್ತಿತ್ತು. ಪುಟಗಳನ್ನೆಲ್ಲ ಇಳಿಸಿ ಒಂದೇ ಪುಸ್ತಕವಾಗಿ ಹೊಲಿಯುವ ಸಣ್ಣ ತಂತ್ರಾಂಶಗಳನ್ನು ಉತ್ಸಾಹಿಗಳು ತಾವೇ ಬರೆದುಕೊಂಡರು. ಕೊನೆಗೆ ಹಕ್ಕುಸ್ವಾಮ್ಯದ ತಕರಾರುಗಳ ಹಿನ್ನೆಲೆಯಲ್ಲಿ 2017ರ ವೇಳೆಗೆ ಜಾಲತಾಣ ಸಾರ್ವಜನಿಕರಿಗೆ ಮುಚ್ಚಿತು. ಸಾರ್ವಜನಿಕ ಹಣದಿಂದ ವರ್ಷಗಟ್ಟಲೆ ನಡೆದ ಕೆಲಸ ಅಲ್ಲಿಗೆ ಕಣ್ಮರೆಯಾಗಬೇಕಿತ್ತು. ಅದೃಷ್ಟವಶಾತ್, ಅಮೆರಿಕದ ಕಾರ್ಲ್ ಮಲಮೂದ್ ಅವರ 'ಪಬ್ಲಿಕ್ ರಿಸೋರ್ಸ್' ಸಂಸ್ಥೆಯು ಅದಕ್ಕೆ ಮುನ್ನವೇ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ನಕಲು ಮಾಡಿಕೊಂಡು 'ಇಂಟರ್ನೆಟ್ ಆರ್ಕೈವ್' ತಾಣಕ್ಕೆ ಏರಿಸಿತ್ತು. ಇಂದು ನಾವು ಓದುತ್ತಿರುವುದು ಆ ಪ್ರತಿಯನ್ನೇ. ಬೆಂಗಳೂರಿನಲ್ಲಿ ರೂಪುಗೊಂಡ ಭಂಡಾರವನ್ನು ಬೆಂಗಳೂರಿನವರೇ ಸ್ಯಾನ್ ಫ್ರಾನ್ಸಿಸ್ಕೊದ ಸಂಸ್ಥೆಯೊಂದರ ತಾಣದಲ್ಲಿ ಹುಡುಕಬೇಕಾಗಿರುವುದು ಹೆಮ್ಮೆಪಡುವ ವಿಚಾರವಲ್ಲ. ಪುಸ್ತಕವನ್ನು ಸ್ಕ್ಯಾನ್ ಮಾಡಲು ಹಣ ಹುಡುಕುವ ನಮ್ಮ ವಿಶ್ವವಿದ್ಯಾನಿಲಯಗಳು, ಸ್ಕ್ಯಾನ್ ಆದುದನ್ನು ಇಪ್ಪತ್ತು ವರ್ಷ ಕಾಯ್ದುಕೊಳ್ಳಲು ತಗಲುವ ವೆಚ್ಚದ ಬಗ್ಗೆ ಸಾಮಾನ್ಯವಾಗಿ ಮೌನ ವಹಿಸುತ್ತವೆ.

ಕನ್ನಡದಲ್ಲಿ ಹುಡುಕಿದರೆ ಸಿಗದೇಕೆ?

ಇರುವ ಪುಸ್ತಕ ಸಿಗದಿದ್ದರೆ ಇಲ್ಲದಂತೆಯೇ. ಭಾರತೀಯ ಡಿಜಿಟಲ್ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ತಪ್ಪುತಡೆಗಳೊಂದಿಗೆ ನಮೂದಿಸಲಾಗಿತ್ತು. ಕನ್ನಡ ಬಾರದವರು ಪಟ್ಟಿ ಸಿದ್ಧಪಡಿಸಿದ ಕುರುಹು ಹಲವೆಡೆ ಎದ್ದು ಕಾಣುತ್ತದೆ. ಹೀಗಾಗಿ 'ಶಬ್ದಮಣಿದರ್ಪಣ' ಎಂದು ಕನ್ನಡದಲ್ಲಿ ಬೆರಳಚ್ಚಿಸಿದವರಿಗೆ ಶೂನ್ಯ ಫಲಿತಾಂಶ ಬರುತ್ತಿತ್ತು. ಈ ಕೊರತೆಯನ್ನು ತುಂಬಲು ಮುಂದಾದದ್ದು ಯಾವ ವಿಶ್ವವಿದ್ಯಾನಿಲಯವೂ ಅಲ್ಲ, 'ಸಂಚಯ' ಎಂಬ ಸ್ವಯಂಸೇವಕರ ಬಳಗ. ಉಸ್ಮಾನಿಯಾ ಮತ್ತು ಭಾರತೀಯ ಡಿಜಿಟಲ್ ಗ್ರಂಥಾಲಯಗಳ ಕನ್ನಡ ಪುಸ್ತಕಗಳ ಹೆಸರುಗಳನ್ನು ಓದುಗರ ನೆರವಿನಿಂದಲೇ ಕನ್ನಡಕ್ಕೆ ತಂದು, ಕನ್ನಡದಲ್ಲೇ ಹುಡುಕಬಹುದಾದ ವ್ಯವಸ್ಥೆಯನ್ನು ಅವರು ಕಟ್ಟಿದರು.

ಹೆಸರು ಸಿಕ್ಕಿತೆನ್ನಿ, ಪುಟದೊಳಗಿನ ಪದವನ್ನು ಹುಡುಕುವುದು ಹೇಗೆ? ಸ್ಕ್ಯಾನ್ ಆದ ಪುಟ ಗಣಕಯಂತ್ರಕ್ಕೆ ಕೇವಲ ಒಂದು ಚಿತ್ರ. ಅದರಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಲು ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಒತ್ತಕ್ಷರ, ಗುಣಿತಾಕ್ಷರಗಳ ಕನ್ನಡಕ್ಕೆ ಅದನ್ನು ರೂಪಿಸುವುದು ಇಂಗ್ಲಿಷಿನಷ್ಟು ಸರಳವಲ್ಲ. ಈ ನಿಟ್ಟಿನಲ್ಲಿ ಕೆಲಸ ಮಾಡಿದವರಲ್ಲಿ ಇದೇ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ.ಜಿ. ರಾಮಕೃಷ್ಣನ್ ಅವರ ತಂಡ ಪ್ರಮುಖವಾದುದು. ಅವರ 'ಲಿಪಿಜ್ಞಾನಿ' ತಂತ್ರಾಂಶ ಕನ್ನಡವನ್ನಷ್ಟೇ ಅಲ್ಲದೆ ಕನ್ನಡ ಲಿಪಿಯಲ್ಲಿ ಮುದ್ರಿತವಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಓದುತ್ತದೆ. ಹಳಗನ್ನಡದ ಪದಗಳಿಗೂ ತಡವರಿಸದಂತೆ ಯಾವುದೇ ನಿಘಂಟಿನ ಕಟ್ಟುಪಾಡಿಲ್ಲದೆ ಅದನ್ನು ರಚಿಸಲಾಗಿದೆ. ದೃಷ್ಟಿಹೀನರಿಗಾಗಿ ಕನ್ನಡ ಬ್ರೈಲ್ ಪುಸ್ತಕ ಸಿದ್ಧಪಡಿಸಲು ಇದನ್ನು ಬಳಸಲಾಗಿದೆ.

ಹಳೆಯ ಪುಸ್ತಕಗಳ ಪಾಡು ಇದಾದರೆ ಹೊಸ ಪ್ರಬಂಧಗಳದು ಇನ್ನೊಂದು ಬಗೆಯ ಪಾಡು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮದಂತೆ ದೇಶದ ಪಿಎಚ್.ಡಿ. ಪ್ರಬಂಧಗಳನ್ನು 'ಶೋಧಗಂಗಾ' ಎಂಬ ರಾಷ್ಟ್ರೀಯ ಭಂಡಾರದಲ್ಲಿ ಸಂಗ್ರಹಿಸಲಾಗುತ್ತಿದೆ. ಮೈಸೂರು, ಬೆಂಗಳೂರು, ಕುವೆಂಪು ಮೊದಲಾದ ವಿಶ್ವವಿದ್ಯಾನಿಲಯಗಳ ಪ್ರಬಂಧಗಳು ಅಲ್ಲಿವೆ. ಆದರೆ ಕನ್ನಡದಲ್ಲಿ ಬರೆದ ಪ್ರಬಂಧಗಳಲ್ಲಿ ಅನೇಕವು ನುಡಿಯಂತಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದಂತಹವು. ಕಣ್ಣಿಗೆ ಅಚ್ಚ ಕನ್ನಡ. ಗಣಕಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಕಳೆದ ದಶಕಗಳ ಕನ್ನಡ ಸಂಶೋಧನೆಯ ಬಹುಭಾಗ ಹುಡುಕುಯಂತ್ರಗಳ ಕಣ್ಣಿಗೆ ಬೀಳದಿರುವುದು ಇದರಿಂದಾಗಿ. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ವರ್ಷಗಳಿಂದ ಲಭ್ಯವಿದ್ದರೂ, ಪ್ರಬಂಧ ಸ್ವೀಕರಿಸುವಾಗಲೇ ಯೂನಿಕೋಡನ್ನು ಕಡ್ಡಾಯಗೊಳಿಸುವ ಸರಳ ಕ್ರಮವನ್ನು ಎಲ್ಲರೂ ಏಕೆ ಅನುಸರಿಸಬಾರದು?

ನೆರೆಹೊರೆಯ ಸಂಗ್ರಹಗಳು

ಉತ್ತರ ಬೆಂಗಳೂರಿನಲ್ಲೇ ಇನ್ನೊಂದು ವಿಶ್ವವಿದ್ಯಾನಿಲಯವಿದೆ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದ ಕೃಷಿ ವಿಶ್ವವಿದ್ಯಾನಿಲಯದ ಪ್ರಬಂಧಗಳು 'ಕೃಷಿಕೋಶ' ಎಂಬ ರಾಷ್ಟ್ರೀಯ ಭಂಡಾರದಲ್ಲಿ ದೊರೆಯುತ್ತವೆ. ಬೆಂಕಿರೋಗ ತಡೆಯುವ ಜಿಪಿಯು-28 ರಾಗಿ ತಳಿ ಹೊರಬಂದದ್ದು ಈ ಆವರಣದಿಂದ. ನಮ್ಮ ಮುದ್ದೆಯ ಹಿಂದಿನ ವಿಜ್ಞಾನವನ್ನು ತಿಳಿಯಬಯಸುವವರು ಅಲ್ಲಿ ಹುಡುಕಬಹುದು.

ಊರಿನ ಇತಿಹಾಸ ಬೇಕಾದವರಿಗೆ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟವನ್ನು ಶಿಫಾರಸು ಮಾಡಬಹುದು. 1905ರಲ್ಲಿ ಪ್ರಕಟವಾದ, ಬೆಂಗಳೂರು ಜಿಲ್ಲೆಯ ಶಾಸನಗಳ ಈ ಸಂಪುಟ ಸ್ಕ್ಯಾನ್ ರೂಪದಲ್ಲಿ ಉಚಿತವಾಗಿ ಲಭ್ಯ. ನಗರ ಬೆಳೆದಂತೆ ಅದರಲ್ಲಿನ ಅನೇಕ ಕಲ್ಲುಗಳು ರಸ್ತೆಗೋ ಕಟ್ಟಡದ ತಳಪಾಯಕ್ಕೋ ಹೋಗಿವೆ. ಅವುಗಳ ಪಾಲಿಗೆ ಈ ಪುಸ್ತಕವೇ ಕಲ್ಲು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನದಂತಹ ಉಳಿದ ಕಲ್ಲುಗಳನ್ನು ಮಿಥಿಕ್ ಸೊಸೈಟಿಯು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತ ಬಂದಿದೆ.

ಮೈಸೂರು ವಿಶ್ವವಿದ್ಯಾನಿಲಯದ ಬಗ್ಗೆ ಒಂದು ಮಾತು ಹೇಳಲೇಬೇಕು. ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಅದು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅಂದರೆ ಅದರ ಬರಹವನ್ನು ಮೂಲ ಹೆಸರಿಸಿ ಯಾರು ಬೇಕಾದರೂ ಮರುಬಳಸಬಹುದು. ಪುಸ್ತಕವನ್ನು ತೋರಿಸುವುದಕ್ಕೂ ಬಳಸಲು ಬಿಡುವುದಕ್ಕೂ ಇರುವ ಅಂತರವನ್ನು ಅರಿತ ನಿರ್ಧಾರವದು.

ಯಾವುದು ಮುಕ್ತ, ಯಾವುದು ಅಲ್ಲ?

ಹಕ್ಕುಸ್ವಾಮ್ಯದ ಲೆಕ್ಕ ತಿಳಿದಿದ್ದರೆ ಹುಡುಕಾಟ ಸುಲಭ. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು; ಬಳಿಕ ಕೃತಿ ಸಾರ್ವಜನಿಕರ ಸ್ವತ್ತು. 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಪಿ. ಕೈಲಾಸಂ ಅವರ ಕೃತಿಗಳು 2007ರ ಆರಂಭದಲ್ಲೇ ಮುಕ್ತವಾದವು. ಮಂಜೇಶ್ವರದ ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ; ಅವರ ಬರಹಗಳು 2024ರ ಜನವರಿ 1ರಿಂದ ಎಲ್ಲರವೂ ಆದವು. ಬೇಂದ್ರೆಯವರಿಗೆ 2041ರ ಕೊನೆಯವರೆಗೆ, ಕುವೆಂಪು ಅವರಿಗೆ 2054ರ ಕೊನೆಯವರೆಗೆ ಕಾಯಬೇಕು. ಆ ಮೊದಲು ಅವರ ಪುಸ್ತಕದ ಪಿಡಿಎಫ್ ಎಲ್ಲಾದರೂ ಉಚಿತವಾಗಿ ಕಂಡರೆ, ವಾರಸುದಾರರು ಅನುಮತಿಸಿದ್ದರೆ ಮಾತ್ರ ಅದು ಸಕ್ರಮ. 1968ರಲ್ಲಿ ತೀರಿಕೊಂಡ ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ'ವನ್ನು 2029ರ ಜನವರಿ 1ರಿಂದ ಯಾವ ಡಿಜಿಟಲ್ ಗ್ರಂಥಾಲಯ ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ತನ್ನ ಕಪಾಟಿಗೆ ಸೇರಿಸಿಕೊಳ್ಳಬಹುದು.